ಒಂಬತ್ತು ಹದಿನಾಲ್ಕರ ಕರೆ

"ಇದು ನಮ್ಮಾಕಿ ದನಿ ಅಲ್ರೀ."

ಉಜ್ಜಪ್ಪ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಅವನ ಹೆಗಲ ಮೇಲಿದ್ದ ಕಂಬಳಿಯಿಂದ ಕುರಿಯ ವಾಸನೆ ಎಸಿ ಕೋಣೆಯ ತುಂಬ ಹರಡಿತ್ತು.

"ಇನ್ನೊಂದ್ಸಲ ಕೇಳಿ ಉಜ್ಜಪ್ಪಾರೆ," ಎಂದಳು ಪಿಎಸ್‌ಐ ಪ್ರಮೀಳಾ. "ಫೋನಲ್ಲಿ ದನಿ ಒಂಚೂರು ಬದಲಾಗ್ತದೆ."

"ಮೂವತ್ತೊಂದು ವರ್ಷ ಕೇಳೀನ್ರಿ ಮೇಡಮ್ಮಾರೆ. ಬೈದ್ರೂ ಗೊತ್ತಾಗ್ತೈತಿ, ಕೆಮ್ಮಿದ್ರೂ ಗೊತ್ತಾಗ್ತೈತಿ. ಇದ್ಯಾರೋ ಬೇರೆ ಹೆಂಗ್ಸು."

ಪ್ರಮೀಳಾ ಪಕ್ಕದಲ್ಲಿ ಕುಳಿತಿದ್ದ ನಯನಳ ಕಡೆ ನೋಡಿದಳು. ನಯನ ಸ್ಕ್ರೀನಿನ ಕಡೆ ನೋಡಿದಳು. ಅಲ್ಲಿ ಹಸಿರು ಅಕ್ಷರಗಳಲ್ಲಿ ಹೀಗಿತ್ತು: ದುರುಗಮ್ಮ, ವಯಸ್ಸು ನಲವತ್ತೊಂಬತ್ತು, ಊರು ನೀರಗಲ್ಲು, ಸೊರಬ ತಾಲ್ಲೂಕು. ಮನೆಯಲ್ಲೇ ಪ್ರತ್ಯೇಕ ವಾಸ. ಜ್ವರ ಇಲ್ಲ. ಆಕ್ಸಿಜನ್ ತೊಂಬತ್ತೆಂಟು. ಕೊನೆಯ ಕರೆ: ಇಂದು, ಜೂನ್ ಏಳು, ಬೆಳಿಗ್ಗೆ ಒಂಬತ್ತು ಹತ್ತು.

ಕಂಪ್ಯೂಟರಿನ ಲೆಕ್ಕದಲ್ಲಿ ದುರುಗಮ್ಮ ಆರೋಗ್ಯವಾಗಿ ಮನೆಯಲ್ಲಿದ್ದಳು. ಆದರೆ ಇಪ್ಪತ್ತು ದಿನ ಕುರಿ ಕಾಯಲು ಹೋಗಿ ಬಂದ ಗಂಡ ನೋಡಿದ್ದು ಚಿಲಕ ಹಾಕಿದ ಬಾಗಿಲನ್ನು. ಊರವರು 'ಆಸ್ಪತ್ರೆಗೆ ಕರ್ಕೊಂಡು ಹೋದ್ರು' ಎಂದರು. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಯಾವ ಆಸ್ಪತ್ರೆಯಲ್ಲೂ ಅವಳಿರಲಿಲ್ಲ.

ಎರಡನೇ ಅಲೆ ಶುರುವಾದ ಮೇಲೆ ಶಿಕಾರಿಪುರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬೇ ಎರಡು ತಾಲ್ಲೂಕುಗಳ ಕೋವಿಡ್ ಕಂಟ್ರೋಲ್ ರೂಮು ಆಗಿತ್ತು. ಸೋಂಕು ಬಂದ ಪ್ರತಿಯೊಬ್ಬರಿಗೂ ಇಲ್ಲಿಂದ ದಿನಾ ಒಂದು ಕರೆ ಹೋಗುತ್ತಿತ್ತು. ಆಕ್ಸಿಜನ್ ತೊಂಬತ್ನಾಲ್ಕಕ್ಕಿಂತ ಇಳಿದರೆ ಹತ್ತೇ ನಿಮಿಷದಲ್ಲಿ ಆಂಬುಲೆನ್ಸು ಹೊರಡುತ್ತಿತ್ತು. ಆ ವ್ಯವಸ್ಥೆಯನ್ನು ಕಟ್ಟಿದವಳು ಆ ಲ್ಯಾಬಿನ ಬೋಧಕಿ, ಇಪ್ಪತ್ತೇಳರ ನಯನ. ಒಂದೂವರೆ ತಿಂಗಳಲ್ಲಿ ಅವಳು ಭಾನುವಾರ ಎಂಬುದನ್ನೇ ಮರೆತಿದ್ದಳು.

"ಪೋರ್ಟಲ್‌ನಲ್ಲಿರೋ ನಂಬರ್ ನಿಮ್ದೇನಾ?" ನಯನ ಓದಿ ಹೇಳಿದಳು.

"ಅಲ್ರೀ. ನಂದು ಕೊನೀಗೆ ಎರಡು ಸೊನ್ನೆ. ಆಕಿ ಹತ್ರ ಫೋನಿಲ್ಲ. ಯಾರ್ ಕೇಳಿದ್ರೂ ನನ್ ನಂಬರ್ನೇ ಕೊಡೋದು."

ನಯನ ಕಪಾಟಿನಿಂದ ಒಂದು ಕಟ್ಟು ತೆಗೆದಳು. ಗಂಟಲ ದ್ರವ ತೆಗೆದ ದಿನ ಕೈಯಲ್ಲಿ ಬರೆದ ಫಾರಂ. ದುರುಗಮ್ಮನ ಹೆಬ್ಬೆಟ್ಟು, ಅದರ ಪಕ್ಕ ಮೊಬೈಲ್ ನಂಬರ್. ಕೊನೆಗೆ ಎರಡು ಸೊನ್ನೆ.

"ಇಲ್ಲಿ ಸರಿಯಾಗಿದೆ ಮೇಡಂ. ಮೇ ಇಪ್ಪತ್ತೇಳಕ್ಕೆ ಕಂಪ್ಯೂಟರಿಗೆ ಹಾಕಿದಾಗಲೂ ಸರಿಯಾಗೇ ಇತ್ತು. ಮಾರನೇ ದಿನ ಯಾರೋ ಬದಲಾಯಿಸಿದಾರೆ."

"ಯಾರು?"

"ಗೊತ್ತಾಗಲ್ಲ. ಇಪ್ಪತ್ತು ಜನ ಆಪರೇಟರುಗಳೂ ಬಳಸೋ ಒಂದೇ ಐಡಿಯಿಂದ ಆಗಿದೆ." ನಯನಳ ಮುಖ ಕೆಂಪಾಯಿತು. "ಅದು ನನ್ನ ತಪ್ಪೇ. ಅವಸರದಲ್ಲಿ ಎಲ್ಲರಿಗೂ ಒಂದೇ ಕೊಟ್ಟುಬಿಟ್ಟಿದ್ದೆ."

"ತಪ್ಪು ಆಮೇಲೆ ನೋಡೋಣ. ಮೊದ್ಲು ಜೀವ," ಎಂದಳು ಪ್ರಮೀಳಾ. "ಹೀಗೆ ಬದಲಾದ ನಂಬರ್ ಇದೊಂದೇನಾ?"

ನಯನಳ ಬೆರಳುಗಳು ಕೀಬೋರ್ಡಿನ ಮೇಲೆ ಓಡಿದವು. ನಾಲ್ಕು ಸಾವಿರದ ಮುನ್ನೂರು ರೋಗಿಗಳ ದಾಖಲೆ. ಹಾಕಿದ ಮೇಲೆ ನಂಬರ್ ಬದಲಾದವು ಮಾತ್ರ ಸಾಕು. ಪಟ್ಟಿ ಚಿಕ್ಕದಾಗುತ್ತ ಹೋಯಿತು. ಒಂದೆಡೆ ನಿಂತಿತು.

ಒಂಬತ್ತು ಹೆಸರು. ಒಂಬತ್ತೂ ನೀರಗಲ್ಲಿನವು.

"ಒಂಬತ್ತು ಜನ, ಒಂಬತ್ತು ಬೇರೆ ಬೇರೆ ಸಿಮ್ಮು. ಅದಕ್ಕೇ ನಮ್ಗೆ ಗೊತ್ತಾಗ್ಲಿಲ್ಲ," ನಯನ ಮೆಲ್ಲಗೆ ಹೇಳಿದಳು. "ಆದ್ರೆ ಇಲ್ಲಿ ನೋಡಿ ಮೇಡಂ. ಹತ್ತು ದಿನದಿಂದ ಒಂಬತ್ತು ಜನರದ್ದೂ ತೊಂಬತ್ತೆಂಟೇ. ಜೀವ ಇರೋ ಮನುಷ್ಯರ ಆಕ್ಸಿಜನ್ ದಿನಕ್ಕೆ ಒಂದೆರಡಾದ್ರೂ ಆಚೀಚೆ ಆಗ್ಲೇಬೇಕು. ಇನ್ನೂ ಒಂದು. ನಾವು ಒಂದೇ ಹೊತ್ತಿಗೆ ಇಬ್ಬರಿಗೆ ಕರೆ ಮಾಡಿದಾಗ ಒಬ್ಬರು ಮಾತ್ರ ಎತ್ತಿದಾರೆ. ಆ ಕರೆ ಮುಗಿದ ಮೇಲೇ ಇನ್ನೊಬ್ಬರು."

"ಅಂದ್ರೆ ಒಂಬತ್ತು ಫೋನು ಒಂದೇ ಕಡೆ ಇದಾವೆ."

"ಒಬ್ಬಿಬ್ಬರ ಕೈಯಲ್ಲೇ."

ಉಜ್ಜಪ್ಪ ಎದ್ದು ನಿಂತ. "ಹಂಗಾದ್ರೆ ನಮ್ಮಾಕಿ ಎಲ್ಲದಾಳ್ರೀ?"



ಪ್ರಮೀಳಾ ಜಿಲ್ಲಾ ಪೊಲೀಸ್ ಕಚೇರಿಗೆ ಫೋನು ಮಾಡಿ ಒಂಬತ್ತು ನಂಬರುಗಳನ್ನೂ ಓದಿದಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಒಂಬತ್ತೂ ಒಂದೇ ಟವರಿನ ಅಡಿ. ಆದರೆ ಆ ಟವರಿನ ವ್ಯಾಪ್ತಿ ಕುಬಟೂರಿನ ಗದ್ದೆ ಬಯಲಿನಿಂದ ಚಂದ್ರಗುತ್ತಿ ಗುಡ್ಡದ ಬುಡದವರೆಗೆ. ಏಳು ಊರು, ತೋಟದ ಮನೆಗಳು ಲೆಕ್ಕವಿಲ್ಲ.

"ಮನೆ ಮನೆ ಹುಡುಕಿದ್ರೆ ಎರಡು ದಿನ ಬೇಕು," ಎಂದಳು ಪ್ರಮೀಳಾ. "ಅಷ್ಟರಲ್ಲಿ ಸುದ್ದಿ ಮುಟ್ಟಿ ಜಾಗ ಬದಲಾಯಿಸ್ತಾರೆ. ಬೇರೆ ಏನಾದ್ರೂ ಇದ್ಯಾ ನಿಮ್ಮ ಕಂಪ್ಯೂಟರಲ್ಲಿ?"

"ತೊಂಬತ್ತು ಕರೆಗಳ ರೆಕಾರ್ಡಿಂಗ್ ಇದೆ."

ಇಬ್ಬರೂ ಒಂದೊಂದು ಹೆಡ್‌ಫೋನ್ ಹಾಕಿಕೊಂಡರು. ಉಜ್ಜಪ್ಪ ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಅವರ ಮುಖಗಳನ್ನೇ ನೋಡುತ್ತಿದ್ದ.

ಹೆಂಗಸರ ಹೆಸರಿಗೆಲ್ಲ ಅದೇ ಹೆಣ್ಣು ದನಿ, ಗಂಡಸರ ಹೆಸರಿಗೆಲ್ಲ ಒಂದೇ ಗಂಡು ದನಿ. 'ಜ್ವರ ಇಲ್ಲ ಮೇಡಂ. ಊಟ ಸೇರ್ತದೆ. ತೊಂಬತ್ತೆಂಟು.' ಪ್ರತಿ ಕರೆಯೂ ಮುಕ್ಕಾಲು ನಿಮಿಷ ದಾಟುತ್ತಿರಲಿಲ್ಲ.

ಇಪ್ಪತ್ತಾರನೇ ರೆಕಾರ್ಡಿಂಗಿನಲ್ಲಿ ನಯನ ಕೈ ಎತ್ತಿದಳು.

"ಹಿಂದೆ ಒಂದು ಸದ್ದಿದೆ ಕೇಳಿ. ಟುಸ್ ಅಂತ ಬಿಡ್ತದೆ, ನಿಲ್ತದೆ, ಮತ್ತೆ ಟುಸ್."

"ಪಂಪಾ?"

"ಅಲ್ಲ. ಆಕ್ಸಿಜನ್ ಕಾನ್ಸಂಟ್ರೇಟರ್. ಗಾಳಿಯಿಂದ ಆಕ್ಸಿಜನ್ ಮಾಡೋ ಮಷೀನು. ಮೊನ್ನೆ ಹಂಚೋಕೆ ಬಂದಿದ್ದನ್ನ ನಮ್ಮ ಲ್ಯಾಬಲ್ಲೇ ಚಾಲೂ ಮಾಡಿ ನೋಡಿದ್ವಿ." ಅವಳು ರೆಕಾರ್ಡಿಂಗ್ ನಿಲ್ಲಿಸಿದಳು. "ತೊಂಬತ್ತೆಂಟು ಇರೋರಿಗೆ ಅದು ಬೇಡ ಮೇಡಂ."

ಇಬ್ಬರೂ ಈಗ ಮಾತಿನ ಹಿಂದಿನ ಸದ್ದನ್ನೇ ಕೇಳತೊಡಗಿದರು. ಅರವತ್ತೆಂಟನೆಯದು ಶನಿವಾರದ ಕರೆ. ಹೆಣ್ಣು ದನಿ 'ತೊಂಬತ್ತೆಂಟು' ಎಂದಿತು. ಅಷ್ಟರಲ್ಲಿ ಟುಸ್ ಸದ್ದು ನಿಂತಿತು. ಅದರ ಜಾಗದಲ್ಲಿ ಕಿವಿ ಸೀಳುವ ಪೀಂ ಎಂಬ ಒಂದೇ ಸಮನೆಯ ಕೂಗು. ದೂರದಲ್ಲಿ ಯಾರೋ ಓಡಿದರು. 'ಕರೆಂಟ್ ಹೋಯ್ತು, ಕರೆಂಟ್ ಹೋಯ್ತು' ಎಂಬ ಗಂಡು ದನಿ. ಮುಕ್ಕಾಲು ನಿಮಿಷದಲ್ಲಿ ಮುಗಿಯಬೇಕಿದ್ದ ಕರೆ ಎರಡು ನಿಮಿಷ ಹಾಗೇ ತೆರೆದಿತ್ತು.

"ಎಷ್ಟು ಹೊತ್ತಿಗೆ?" ಪ್ರಮೀಳಾ ಕೇಳಿದಳು.

"ಶನಿವಾರ ಬೆಳಿಗ್ಗೆ ಒಂಬತ್ತು ಹದಿನಾಲ್ಕು."

ಪ್ರಮೀಳಾ ಆಗಲೇ ಫೋನಿನಲ್ಲಿ ಹೆಸರು ಹುಡುಕುತ್ತಿದ್ದಳು. ಆ ಕಡೆಯ ಲೈನ್‌ಮನ್ ಸಣ್ಣಬೀರಪ್ಪ ಎರಡನೇ ರಿಂಗಿಗೇ ಎತ್ತಿದ.

"ಶನಿವಾರ ಬೆಳಿಗ್ಗೆ ನಿಮ್ಮ ಲೈನಲ್ಲಿ ಎಲ್ಲೆಲ್ಲಿ ಕರೆಂಟ್ ಹೋಗಿತ್ತು ಸಣ್ಣಬೀರಪ್ಪ?"

"ತಡೀರಿ ಮೇಡಂ, ಆ್ಯಪ್ ನೋಡಿ ಹೇಳ್ತೆ. ಈಗ ಫ್ಯೂಸ್ ಹಾಕಿದ್ರೂ ಫೋಟೋ ಹಾಕ್ಬೇಕು, ಟೈಮ್ ಹಾಕ್ಬೇಕು." ಅವನು ನೋಡಿ ಹೇಳಿದ. "ಬೇರೆಲ್ಲೂ ಇಲ್ಲ. ನೀರಗಲ್ಲಿನ ಆಚೆ ಒಂದು ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ಅದು ಮಾತ್ರ. ಮರದ ಕೊಂಬೆ ತಾಗಿ ಫ್ಯೂಸ್ ಹೋಗಿತ್ತು. ಒಂಬತ್ತು ಹದಿನೈದಕ್ಕೇ ಕಂಪ್ಲೇಂಟು ಬಂತು ಮಾರಾಯ್ರೆ, ಕರೆಂಟ್ ಹೋಗಿ ಒಂದು ನಿಮಿಷ ಆಗಿಲ್ಲ."

"ಯಾರು ಮಾಡಿದ್ದು?"

"ವಸಂತ. ಊರಲ್ಲಿ ಮೆಡಿಕಲ್ ಶಾಪ್ ಇಟ್ಕೊಂಡಿದಾನಲ್ಲ, ಅವ. ಓಡಿ ಬಾ, ಓಡಿ ಬಾ ಅಂತ ಒಂದೇ ಸಮ. ನಂಗೆ ಆಶ್ಚರ್ಯ ಆಯ್ತು. ಆ ಟಿಸಿಯಲ್ಲಿ ಇರೋದೇ ಮೂರು ಕನೆಕ್ಷನ್. ಒಂದು ಪಂಪ್‌ಸೆಟ್ಟು, ಒಂದು ಮುಚ್ಚಿದ ಅಕ್ಕಿ ಗಿರಣಿ, ಇನ್ನೊಂದು ಪರಮಶಿವಪ್ಪನೋರ ಜೋಳದ ಗೋದಾಮು."

ಪ್ರಮೀಳಾ ಟೋಪಿ ಎತ್ತಿಕೊಂಡಳು.

"ನಯನ ಅವ್ರೇ, ಸೊರಬದಿಂದ ಸಿಕ್ಕಷ್ಟು ಆಂಬುಲೆನ್ಸ್ ಹೊರಡಿಸಿ. ಸೈರನ್ ಬೇಡ. ಹಾಸಿಗೆ ಒಂಬತ್ತೂ ಈಗ್ಲೇ ಬುಕ್ ಮಾಡಿ. ಉಜ್ಜಪ್ಪಾರೆ, ಜೀಪು ಹತ್ರೀ."

*

ಲಾಕ್‌ಡೌನಿನ ರಸ್ತೆ ಬಿಕೋ ಎನ್ನುತ್ತಿತ್ತು. ನೀರಗಲ್ಲು ತಲುಪಿದಾಗ ಮಧ್ಯಾಹ್ನ ಒಂದೂಮುಕ್ಕಾಲು. ಮೂರು ಆಂಬುಲೆನ್ಸುಗಳು ಊರ ಹೊರಗೆ ಹುಣಸೆ ಮರದಡಿ ಕಾಯುತ್ತಿದ್ದವು. ಊರ ಬಾಗಿಲಿಗೆ ಕಟ್ಟಿದ್ದ ಬ್ಯಾನರಿನಲ್ಲಿ 'ಕೊರೊನಾ ಮುಕ್ತ ಗ್ರಾಮಕ್ಕೆ ಸ್ವಾಗತ' ಎಂದಿತ್ತು.

ಪರಮಶಿವಪ್ಪ ಗೋದಾಮಿನ ಜಗಲಿಯಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಅರವತ್ತು ದಾಟಿದ ಗಟ್ಟಿ ಆಳು, ಬಿಳಿ ಪಂಚೆ, ಬಿಳಿ ಮೀಸೆ. ಊರಲ್ಲಿ ಅವನ ಮಾತಿಗೆ ಎದುರಿರಲಿಲ್ಲ. ಪೊಲೀಸರನ್ನು ಕಂಡೂ ಅವನು ಏಳಲಿಲ್ಲ.

"ನಮ್ಮೂರಲ್ಲಿ ಯಾರಿಗೂ ಏನಿಲ್ಲ ಮೇಡಂ. ಬ್ಯಾನರ್ ನೋಡಿದ್ರಲ್ಲ."

"ನೋಡ್ದೆ. ಈ ಬಾಗಿಲು ತೆಗೀರಿ."

"ಜೋಳಕ್ಕೆ ಔಷಧಿ ಹೊಡೆಸೀನಿ. ಮೂರು ದಿನ ತೆಗೆಯೋ ಹಂಗಿಲ್ಲ. ಉಸಿರು ಕಟ್ತದೆ."

"ಹಾಗಾದ್ರೆ ಒಳಗೆ ಯಾರೂ ಇಲ್ಲ?"

"ಜೋಳ ಬಿಟ್ರೆ ಇಲಿ."

ಪ್ರಮೀಳಾ ಫೋನು ಕಿವಿಗಿಟ್ಟುಕೊಂಡಳು. "ನಯನ ಅವ್ರೇ, ಒಂಬತ್ತು ನಂಬರಿಗೂ ಒಟ್ಟಿಗೇ ರಿಂಗ್ ಕೊಡಿ. ಈಗ."

ಒಂದು ಕ್ಷಣ ಏನೂ ಇಲ್ಲ. ಜಗಲಿಯ ತಗಡಿನ ಮೇಲೆ ಕಾಗೆಯೊಂದು ನಡೆದಾಡಿದ ಸದ್ದು.

ಆಮೇಲೆ ಗೋದಾಮಿನ ಒಳಗೆ ಒಂದು ಫೋನು ಹೊಡೆದುಕೊಂಡಿತು. ಅದರ ಹಿಂದೆಯೇ ಇನ್ನೊಂದು. ಮತ್ತೊಂದು. ಭಕ್ತಿಗೀತೆಯ ಟ್ಯೂನು, ಹಕ್ಕಿಯ ಟ್ಯೂನು, ಹಳೇ ಕಾಲದ ಗಂಟೆಯ ಟ್ಯೂನು, ಎಲ್ಲವೂ ಒಟ್ಟಿಗೆ ಆ ತಗಡಿನ ಗೋಡೆಗಳ ನಡುವೆ ಮೊಳಗಿದವು. ಪರಮಶಿವಪ್ಪನ ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ.

"ಇಲಿಗಳಿಗೆ ಬಹಳ ಫೋನು ಬರ್ತವೆ ಪರಮಶಿವಪ್ಪನೋರೆ," ಎಂದಳು ಪ್ರಮೀಳಾ. "ಬೀಗದ ಕೈ ಕೊಡಿ."

ಅವನು ಕೊಡಲಿಲ್ಲ. ಆದರೆ ಬಾಗಿಲು ಒಳಗಿನಿಂದಲೇ ತೆರೆಯಿತು. ಹೊಸ್ತಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಸೆರಗನ್ನೇ ಮೂಗಿಗೆ ಕಟ್ಟಿಕೊಂಡಿದ್ದಳು.

"ಬನ್ನಿ," ಎಂದಳು. "ಬೇಗ ಬನ್ನಿ."

ಪ್ರಮೀಳಾ ಆ ಒಂದೇ ಮಾತಿಗೆ ಗುರುತು ಹಿಡಿದಳು. ಬೆಳಿಗ್ಗೆಯಿಡೀ ಹೆಡ್‌ಫೋನಿನಲ್ಲಿ ಕೇಳಿದ್ದು ಇದೇ ದನಿ.

ಒಳಗೆ ಜೋಳದ ಚೀಲಗಳನ್ನು ಒತ್ತಟ್ಟಿಗೆ ಸರಿಸಿ ಒಂಬತ್ತು ಹಾಸಿಗೆ ಹಾಸಿದ್ದರು. ಎರಡು ಕಾನ್ಸಂಟ್ರೇಟರುಗಳು ಟುಸ್ ಟುಸ್ ಎನ್ನುತ್ತಿದ್ದವು. ವಸಂತ ಮೂಲೆಯಲ್ಲಿ ಫೋನುಗಳನ್ನು ಒಂದೊಂದಾಗಿ ಆಫ್ ಮಾಡಲು ಒದ್ದಾಡುತ್ತಿದ್ದ. ಜೀಪಿನಲ್ಲಿ ಜೊತೆಗೆ ಬಂದಿದ್ದ ಕಾನ್‌ಸ್ಟೇಬಲ್ ನಾಗೇಶ್ ಅವನ್ನೆಲ್ಲ ಕಿತ್ತುಕೊಂಡ.

ಆಂಬುಲೆನ್ಸಿನ ನರ್ಸು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಬೆರಳಿಗೆ ಆಕ್ಸಿಮೀಟರ್ ಹಾಕುತ್ತ ಕೂಗಿ ಹೇಳುತ್ತಿದ್ದಳು. "ತೊಂಬತ್ತೊಂದು. ತೊಂಬತ್ಮೂರು. ಎಂಬತ್ತೆಂಟು, ಇವರು ಮೊದಲು. ತೊಂಬತ್ತು..."

ಕೊನೆಯ ಹಾಸಿಗೆಯ ಬಳಿ ಉಜ್ಜಪ್ಪ ಮಂಡಿಯೂರಿದ್ದ.

"ದುರುಗೀ."

ಕಣ್ಣು ನಿಧಾನವಾಗಿ ತೆರೆಯಿತು. ಮಾಸ್ಕಿನ ಹಿಂದೆ ತುಟಿ ಅಲುಗಿತು. ಉಜ್ಜಪ್ಪ ಕಿವಿಯನ್ನು ಹತ್ತಿರ ತಂದ.

"ಕುರಿ ಎಲ್ಲಿ ಬಿಟ್ ಬಂದ್ರಿ?"

ಉಜ್ಜಪ್ಪ ನಕ್ಕನೋ ಅತ್ತನೋ ಅವನಿಗೇ ತಿಳಿಯಲಿಲ್ಲ. "ನೋಡ್ರೀ ಮೇಡಮ್ಮಾರೆ, ಇದು ನಮ್ಮಾಕಿ ದನಿ!" ಎಂದು ಇಡೀ ಗೋದಾಮಿಗೆ ಕೇಳುವಂತೆ ಕೂಗಿದ.

"ಎಂಬತ್ನಾಲ್ಕು," ಎಂದಳು ನರ್ಸು. "ನಾಳೆ ಬಂದಿದ್ರೆ ಸಿಗ್ತಿರಲಿಲ್ಲ. ಈಗ ಹೊರಟ್ರೆ ಉಳೀತಾರೆ. ಎತ್ರೀ ಸ್ಟ್ರೆಚರ್!"

*

ಮೊದಲ ಎರಡು ಆಂಬುಲೆನ್ಸುಗಳು ಈಗ ಸೈರನ್ ಹಾಕಿಕೊಂಡೇ ಹೊರಟವು. ಮೊದಲನೆಯದರಲ್ಲಿ ದುರುಗಮ್ಮ, ಅವಳ ಕಾಲ ಬಳಿ ಉಜ್ಜಪ್ಪ. ಮೂರನೆಯದಕ್ಕೆ ಉಳಿದವರನ್ನು ಹತ್ತಿಸುತ್ತಿದ್ದರು. ಸುದ್ದಿ ತಿಳಿದ ಊರ ಜನ ಅಂಗಳದಲ್ಲಿ ಸೇರಿದ್ದರು. ಲೈನ್‌ಮನ್ ಸಣ್ಣಬೀರಪ್ಪನೂ ಪಂಚಾಯ್ತಿಯವರೂ ಬಂದಿದ್ದರು.

ಪರಮಶಿವಪ್ಪ ಜಗಲಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಅವನ ಮೊಬೈಲು ಪ್ರಮೀಳಾಳ ಕೈಯಲ್ಲಿತ್ತು.

"ಬ್ಯಾನರಿಗೋಸ್ಕರ ಒಂಬತ್ತು ಜೀವ?" ಎಂದಳು ಅವಳು.

"ಬ್ಯಾನರಿಗೆ ಬೆಂಕಿ ಬೀಳ್ಲಿ!" ಅವನು ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು. "ಏಪ್ರಿಲ್‌ನಲ್ಲಿ ನನ್ನ ತಮ್ಮನ್ನ ಪಟ್ಟಣದ ಆಸ್ಪತ್ರೆಗೆ ಕಳಿಸಿದ್ದೆ. ನಡ್ಕೊಂಡು ಹೋಗಿ ಆಂಬುಲೆನ್ಸ್ ಹತ್ತಿದ. ಆರನೇ ದಿನ ಪ್ಲಾಸ್ಟಿಕ್ ಸುತ್ತಿ ಕೊಟ್ರು. ಮುಖ ತೋರ್ಸಿ ಅಂತ ಕಾಲು ಹಿಡಿದೆ ಮೇಡಂ. ತೋರಿಸ್ಲಿಲ್ಲ. ಆ ಗಂಟಲ್ಲಿ ಇದ್ದಿದ್ದು ನನ್ನ ತಮ್ಮ ಹೌದೋ ಅಲ್ವೋ, ಇವತ್ತಿಗೂ ಗೊತ್ತಿಲ್ಲ. ಇನ್ಮೇಲೆ ನಮ್ಮೂರಿಂದ ಒಬ್ಬರನ್ನೂ ಕಳಿಸಲ್ಲ ಅಂತ ಆವತ್ತೇ ತೀರ್ಮಾನ ಮಾಡ್ದೆ."

ಪ್ರಮೀಳಾ ಅವನ ಎದುರಿಗೆ ಬಂದು ನಿಂತಳು. "ಆ ನೋವು ಸುಳ್ಳಲ್ಲ. ಆದ್ರೆ ದುರುಗಮ್ಮನ ಗಂಡನಿಗೂ ನೀವು ಅದನ್ನೇ ಮಾಡೋರಿದ್ರಿ. ಮುಖ ತೋರಿಸದೆ."

ಅವನು ಮತ್ತೆ ತಲೆ ತಗ್ಗಿಸಿದ. ಈ ಸಲ ಎತ್ತಲಿಲ್ಲ.

ಬಾಗಿಲು ತೆಗೆದ ಹೆಂಗಸು ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಪರಮಶಿವಪ್ಪನ ಹೆಂಡತಿ, ವರದಮ್ಮ. ಹತ್ತು ದಿನ ಆ ಒಂಬತ್ತು ಜನರಿಗೆ ಗಂಜಿ ಕುಡಿಸಿ, ಮೈ ಒರೆಸಿ, ಫೋನು ಬಂದಾಗ ಹೆಂಗಸರ ಪರವಾಗಿ ಸುಳ್ಳು ಹೇಳಿದವಳು ಅವಳೇ. ಅವಳಿಗೆ ಸೋಂಕು ಬಂದಿರಲಿಲ್ಲ. ಅವಳ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ.

"ಶನಿವಾರ ಕರೆಂಟ್ ಹೋದಾಗ ಫೋನ್ ಯಾಕೆ ಕಟ್ ಮಾಡ್ಲಿಲ್ಲಮ್ಮ?" ಪ್ರಮೀಳಾ ಮೆತ್ತಗೆ ಕೇಳಿದಳು. "ಎರಡು ನಿಮಿಷ ಹಾಗೇ ಇತ್ತು."

ವರದಮ್ಮ ಗಂಡನ ಕಡೆ ಒಮ್ಮೆ ನೋಡಿದಳು. ಆಮೇಲೆ ಸೆರಗು ಮೂಗಿನಿಂದ ಕೆಳಗಿಳಿಸಿ, ಅಂಗಳದವರಿಗೆಲ್ಲ ಕೇಳುವಂತೆ ಹೇಳಿದಳು.

"ಕೇಳ್ಲಿ ಅಂತ್ಲೇ ಕಟ್ ಮಾಡ್ಲಿಲ್ಲ. ಇವರ ಎದುರು ಬಾಯಿ ಬಿಡೋ ಧೈರ್ಯ ನಂಗಿರ್ಲಿಲ್ಲ. ಆ ಕಡೆ ಕೂತ ಹುಡುಗಿ ಯಾರೋ, ಅವಳಾದ್ರೂ ಮಷೀನ್ ಕೂಗೋದು ಕೇಳ್ಲಿ ಅಂತ ದೇವ್ರನ್ನ ಬೇಡ್ಕೊಂಡು ಫೋನ್ ಹಿಡ್ಕೊಂಡೇ ನಿಂತೆ."

"ಕೇಳಿದ್ಲು," ಎಂದಳು ಪ್ರಮೀಳಾ. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಅವಳಿಗೆ ಕೊಟ್ಟು ಶಿಕಾರಿಪುರಕ್ಕೆ ಫೋನು ಮಾಡಿದಳು.

"ಒಂಬತ್ತೂ ಜೀವಂತ ನಯನ ಅವ್ರೇ. ಒಂಬತ್ತಕ್ಕೆ ಒಂಬತ್ತು!"

ಆ ತುದಿಯಲ್ಲಿ ನಯನ ಅದನ್ನು ಲ್ಯಾಬಿಗೆಲ್ಲ ಕೂಗಿ ಹೇಳಿದ್ದು ಕೇಳಿಸಿತು. ಮೊದಲು ಒಂದು ಚಪ್ಪಾಳೆ, ಆಮೇಲೆ ಹತ್ತು, ಆಮೇಲೆ ಕುರ್ಚಿಗಳು ಹಿಂದೆ ಸರಿದ ಸದ್ದು. ಒಂದೂವರೆ ತಿಂಗಳಿಂದ ಸಾವಿನ ಸಂಖ್ಯೆಗಳನ್ನೇ ಟೈಪು ಮಾಡಿದ್ದ ಆಪರೇಟರುಗಳು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಯಾರೋ ಶಿಳ್ಳೆ ಹಾಕಿದರು. ನಯನ ಮೂಗು ಎಳೆದುಕೊಂಡದ್ದೂ ಕೇಳಿಸಿತು. ಪ್ರಮೀಳಾಳ ಕಣ್ಣೂ ಒದ್ದೆಯಾಗಿತ್ತು. ಊರ ಜನರಿಗೆ ಕಾಣದಿರಲೆಂದು ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡಳು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಫೋನು ಕಿವಿಯಲ್ಲಿದ್ದಂತೆಯೇ ಅವಳು ವಸಂತನ ಕಡೆ ತಿರುಗಿದಳು.

"ಕಂಪ್ಯೂಟರಲ್ಲಿ ನಂಬರ್ ಬದಲಾಯಿಸಿದ್ದು ಯಾರು?"

"ನಿಮ್ಮಾಣೆಗೂ ಗೊತ್ತಿಲ್ಲ ಮೇಡಂ. ವಾಟ್ಸಾಪಲ್ಲಿ ಒಂದು ನಂಬರಿಗೆ ಹೆಸ್ರು ಕಳಿಸ್ತಿದ್ದೆ, ಹತ್ತು ನಿಮಿಷಕ್ಕೆ ಆಗೋಗ್ತಿತ್ತು. ಮುಖ ನೋಡಿಲ್ಲ, ದನಿ ಕೇಳಿಲ್ಲ. ಮೊದ್ಲು ಮೆಸೇಜ್ ಮಾಡಿದ್ದು ನಾನಲ್ಲ, ಅವರೇ. 'ನಿಮ್ಮೂರಿಗೆ ಸಹಾಯ ಮಾಡ್ತೀನಿ' ಅಂತ."

"ಮೇಡಂ..."

ನಯನಳ ದನಿ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಆದರೆ ಆ ದನಿಯಲ್ಲಿ ಈಗ ಸಂತೋಷವಿರಲಿಲ್ಲ.

"ಏನು?"

"ನಮ್ಮವರೆಲ್ಲ ಎದ್ದು ನಿಂತಿದಾರೆ. ಯಾರೂ ಕೀಬೋರ್ಡ್ ಮುಟ್ತಿಲ್ಲ. ಆದ್ರೆ ಹದಿನೆಂಟನೇ ಮಷೀನಿನ ಸ್ಕ್ರೀನಿನ ಮೇಲೆ ಬಾಣದ ಗುರುತು ತಾನಾಗೇ ಓಡಾಡ್ತಿದೆ. ಹೊರಗಿಂದ ಯಾರೋ ನಡೆಸ್ತಿದಾರೆ. ಬಹುಶಃ ಮೊಬೈಲಿಂದ. ಕೇಬಲ್ ಕಿತ್ತುಬಿಡ್ಲಾ?"

"ಬೇಡ. ಕಿತ್ರೆ ಆಸಾಮಿ ಎಚ್ಚೆತ್ಕೊಳ್ತಾನೆ. ಏನು ಮಾಡ್ತಿದಾನೆ ಹೇಳಿ."

"ಹೊಸ ರೋಗಿಯ ದಾಖಲೆ ತೆರೆದ. ಊರು ನೀರಗಲ್ಲು. ಹೆಸರು ಟೈಪ್ ಆಗ್ತಿದೆ... ವ... ರ... ದ... ಮ್ಮ." ನಯನ ಉಸಿರು ಎಳೆದುಕೊಂಡಳು. "ಸ್ಥಿತಿಯ ಮುಂದೆ 'ಮೃತ' ಅಂತ ಹಾಕಿದ. ಮೇಡಂ, ವರದಮ್ಮ ಅಂದ್ರೆ ಯಾರು? ನಮ್ಮ ಯಾವ ಪಟ್ಟಿಯಲ್ಲೂ ಆ ಹೆಸರಿಲ್ಲ."

ಮಾರು ದೂರದಲ್ಲಿ ಕಂಬಕ್ಕೆ ಒರಗಿ ವರದಮ್ಮ ಬಾಟಲಿಯ ನೀರು ಕುಡಿಯುತ್ತಿದ್ದಳು.

ಅವಳು ಬಾಯಿ ಬಿಟ್ಟು ಐದು ನಿಮಿಷವೂ ಆಗಿರಲಿಲ್ಲ. ಅವಳು ಹೇಳಿದ್ದನ್ನು ಕೇಳಿದವರು ಈ ಅಂಗಳದವರು ಮಾತ್ರ.

ಪ್ರಮೀಳಾ ಎರಡು ಹೆಜ್ಜೆ ಇಟ್ಟು ವರದಮ್ಮನಿಗೆ ಅಡ್ಡವಾಗಿ ನಿಂತಳು. ಆಮೇಲೆ ನಿಧಾನವಾಗಿ ತಲೆ ಎತ್ತಿ ನೋಡಿದಳು. ಲೈನ್‌ಮನ್, ಆಂಬುಲೆನ್ಸಿನ ಡ್ರೈವರ್, ನರ್ಸು, ಅವಳದೇ ಕಾನ್‌ಸ್ಟೇಬಲ್, ಪಂಚಾಯ್ತಿಯವರು, ಊರ ಜನ.

ಅವರಲ್ಲಿ ಏಳು ಜನರ ಕೈಯಲ್ಲಿ ಮೊಬೈಲಿತ್ತು. ಏಳೂ ಜನ ಸ್ಕ್ರೀನ್ ನೋಡುತ್ತಿದ್ದರು.

ಅವರಲ್ಲೊಬ್ಬರು ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು.